ಸ್ವಿಚ್ಚಿನ ಮೇಲಿನ ಕೈ

"ಇನ್ನೊಂದ್ಸಲ ಹಾಕಿ," ಎಂದಳು ಶ್ಯಾಮಲಾ.

ಪರದೆಯ ಮೇಲೆ ಆ ವಿದೇಶಿ ರೈತ ಹೆಂಡತಿಯ ಕೂದಲು ಹಿಡಿದು ಮುಖವನ್ನು ಮೇಜಿಗೆ ಗುದ್ದಿದ. ಹಲ್ಲು ಮುರಿದು ಬಿತ್ತು. ಮುಂದಿನ ದೃಶ್ಯ ಕೊಟ್ಟಿಗೆ. ಮೇವು ಕತ್ತರಿಸುವ ಯಂತ್ರದಲ್ಲಿ ಹುಲ್ಲು ಸಿಕ್ಕಿಕೊಂಡಿದೆ. ಅವನು ಬಗ್ಗಿ ಕೀಳುತ್ತಿದ್ದಾನೆ. ಗೋಡೆಯ ಸ್ವಿಚ್ಚಿನ ಮೇಲೆ ಹೆಂಡತಿಯ ಕೈ. ಬ್ಲೇಡು ತಿರುಗಿತು. ಕೊರಳಿನ ಶಾಲು ಸಮೇತ ಯಂತ್ರ ಅವನನ್ನು ಒಳಗೆಳೆದುಕೊಂಡಿತು. ಗೋಡೆಯೆಲ್ಲ ರಕ್ತ.

ಶನಿವಾರ ಕೋಲಾರದಲ್ಲಿ ವಿದೇಶಿ ಚಿತ್ರೋತ್ಸವ. ಜನರಿಗೆ ತೋರಿಸಬಾರದ್ದನ್ನು ಮೊದಲೇ ಕತ್ತರಿಸಲು ಸರ್ಕಾರ ಮೂವರನ್ನು ನೇಮಿಸಿತ್ತು: ನಿವೃತ್ತ ಹೆಡ್‌ಮಾಸ್ಟರ್ ವೆಂಕಟರಾಯಪ್ಪ, ವಕೀಲೆ ಬದ್ರುನ್ನೀಸಾ, ವಕ್ಕಲೇರಿಯ ಟೀಚರ್ ಶ್ಯಾಮಲಾ. ಶ್ಯಾಮಲಾ ಯಾವಾಗಲೂ ಎಡಗೋಡೆಯ ಪಕ್ಕವೇ ಕೂರುತ್ತಿದ್ದಳು. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

"ಹೊಡೆಯೋದೆಲ್ಲ ಇರ್ಲಿ, ಕತೆಗೆ ಬೇಕು," ಎಂದರು ವೆಂಕಟರಾಯಪ್ಪ. "ಆ ಸ್ವಿಚ್ಚು ಮಾತ್ರ ಬೇಡ. ನಮ್ಮ ಹೆಣ್ಮಕ್ಳು ನೋಡಿ ಕಲಿತ್ರೆ ಏನ್ರೀ ಗತಿ?"

ಬದ್ರುನ್ನೀಸಾ ನಕ್ಕರು. "ಎರಡು ಗಂಟೆ ಹೊಡೆದಿದ್ದನ್ನ ನೋಡಿ ಗಂಡಸ್ರು ಕಲಿಯಲ್ವಾ ಸಾರ್? ಅವಳು ಒಂದ್ಸಲ ಕೈ ಎತ್ತಿದ್ದಕ್ಕೇ ಕತ್ರಿನಾ? ಶ್ಯಾಮಲಾ, ನೀನಾದ್ರೂ ಹೇಳೇ."

ಇಷ್ಟು ದಿನ ಶ್ಯಾಮಲಾ ಬದ್ರುನ್ನೀಸಾರ ಕಡೆಗೇ ನಿಂತಿದ್ದಳು.

"ಸಾರ್ ಹೇಳೋದೇ ಸರಿ ಆಪಾ. ಕೈ ಮಾತ್ರ ತೆಗೀಲಿ. ಯಂತ್ರ, ರಕ್ತ, ಆಮೇಲೆ ಅವಳು ಅಳೋದು, ಪೊಲೀಸ್ರು ಬಂದು ಸಮಾಧಾನ ಹೇಳೋದು, ಎಲ್ಲಾ ಇರ್ಲಿ."

"ಹಂಗಾದ್ರೆ ಅವನು ತಾನಾಗೇ ಸತ್ತಂಗೆ ಕಾಣುತ್ತಲ್ಲೇ!"

"ಕಾಣ್ಲಿ ಬಿಡಿ. ಹೆಂಗಸ್ರಿಗ್ಯಾಕೆ ಕೆಟ್ಟ ಹೆಸ್ರು?"

"ಶಭಾಷ್! ಸಂಸಾರಸ್ಥೆ ಮಾತು ಅಂದ್ರೆ ಇದು," ಎಂದರು ವೆಂಕಟರಾಯಪ್ಪ.

"ನಮ್ಮೂರಿಗೆ ಸ್ವಲ್ಪ ಜಾಸ್ತಿ ಪಾಸ್ ಕೊಡ್ಸಿ ಸಾರ್. ಪೊಲೀಸ್ ಸ್ಟೇಷನ್ನಿನವ್ರಿಗೂ."

ಬದ್ರುನ್ನೀಸಾ ಅವಳ ಎಡಗಿವಿಯನ್ನು ಒಂದು ಕ್ಷಣ ನೋಡಿದರು. ಕತ್ತರಿಯ ಪಟ್ಟಿಗೆ ಸಹಿ ಹಾಕಿದರು.

ಹೊರಗೆ ಶ್ಯಾಮಲಾಳ ಗಂಡ ನಂದಕುಮಾರ್ ಬೈಕಿನಲ್ಲಿ ಕಾಯುತ್ತಿದ್ದ. ಎರಡೂ ಬದಿಗೆ ಖಾಲಿ ಹಾಲಿನ ಕ್ಯಾನು, ಕೊರಳಿಗೆ ಸುತ್ತಿದ ಟವೆಲ್ಲು. ಹೆಡ್‌ಮಾಸ್ಟರನ್ನು ಕಂಡು ಕೈಮುಗಿದ.

"ದಿನಾ ಬಂದು ಕರ್ಕೊಂಡು ಹೋಗ್ತೀಯಲ್ಲಪ್ಪಾ! ಪುಣ್ಯವಂತೆ ಈಕೆ," ಎಂದರು ಅವರು.

ತಿರುವು ದಾಟುತ್ತಲೇ ನಂದಕುಮಾರನ ಮೊಣಕೈ ಹಿಂದಕ್ಕೆ ಚಿಮ್ಮಿ ಅವಳ ಪಕ್ಕೆಗೆ ಬಿತ್ತು. "ಎಷ್ಟೊತ್ತೇ ಕಾಯೋದು ನಾನು?" ಮುಖವನ್ನು ಅವಳ ಬಲಗಿವಿಯ ಕಡೆಗೇ ತಿರುಗಿಸಿ ಕೂಗಿದ. ಎಡಗಿವಿಯನ್ನು ಯುಗಾದಿಯ ದಿನ ಕ್ಯಾನಿನ ಮುಚ್ಚಳದಿಂದ ಒಡೆದವನು ಅವನೇ. "ಮೇವಿನ ಮಷೀನ್ ಮತ್ತೆ ಸಿಕ್ಕಾಕ್ಕೊಂಡೈತೆ. ನಾನು ಬಗ್ಗಿ ಕೀಳ್ತೀನಿ. ನೀನು ಸ್ವಿಚ್ ಹತ್ರ ನಿಂತ್ಕೊ."

ಕೊಟ್ಟಿಗೆಯಲ್ಲಿ ಅವನು ಬಗ್ಗಿದ. ಟವೆಲ್ಲಿನ ತುದಿ ಬ್ಲೇಡಿನ ಬಾಯಿಗೆ ಜೋತುಬಿತ್ತು. ಶ್ಯಾಮಲಾಳ ಬೆರಳು ಸ್ವಿಚ್ಚನ್ನು ಮುಟ್ಟಿತು. ಅಲ್ಲೇ ನಿಂತಿತು.

ಇವತ್ತು ಬೇಡ. ಇಂಥ ಅಪಘಾತ ಹೇಗಾಗುತ್ತದೆಂದು ಶನಿವಾರ ಊರೆಲ್ಲ ಕಣ್ಣಾರೆ ನೋಡಿಕೊಂಡು ಬರಲಿ.