ಸೋಮವಾರದ ಗಾಡಿ

ನೆನೆದ ಗೋಣಿಚೀಲದ ವಾಸನೆ ಬಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆ ಮಧ್ಯಾಹ್ನ ಘಟಪ್ರಭೆ ಉಕ್ಕಿ ಕೊಣ್ಣೂರಿನ ನಮ್ಮ ಹಿತ್ತಲಿಗೇ ಬಂದಿತ್ತು. ಅಪ್ಪ, ಕಾಕಾ ಹೊಳೆದಂಡೆಯ ಪಂಪ್‌ಸೆಟ್ ಬಿಚ್ಚಿ ತರಲು ಹೋಗಿದ್ದರು. ಅವ್ವ, ಕಾಕು ಸೇರಿ ಊಟದ ಜೋಳ, ಬೀಜದ ಜೋಳ ಎಲ್ಲವನ್ನೂ ಗಾಡಿಗೆ ಹೇರಿದ್ದರು. ತಳದ ಚೀಲಗಳು ಆಗಲೇ ನೆನೆದಿದ್ದವು. ಎತ್ತು ಹೂಡಬೇಕಾದ ಅಜ್ಜ ಮಾತ್ರ ಅವುಗಳ ಮೈ ತಿಕ್ಕುತ್ತ ನಿಂತಿದ್ದ.

“ಇವತ್ತ ಸೋಮವಾರ. ಬಸವಣ್ಣನ ಹೆಗಲಮ್ಯಾಲ ನೊಗಾ ಇಡಾಂಗಿಲ್ಲ,” ಅಂದ.

“ಹೊಳಿಗೆ ವಾರ ಗೊತ್ತಿಲ್ರಿ ಮಾವಾರ! ಮಕ್ಕಳ ಏನ್ ತಿನ್ನಬೇಕ್ರಿ? ಏನ್ ಬಿತ್ತೂನು?” ಅವ್ವ ಚೀರಿದಳು.

“ನಮ್ಮಪ್ಪ ಹೂಡಿಲ್ಲ, ನಾನೂ ಹೂಡಾಂಗಿಲ್ಲ.”

ಅವ್ವ ಸೆರಗು ಬಿಗಿದು ನೊಗದ ಒಂದು ಬದಿಗೆ ಹೆಗಲು ಕೊಟ್ಟಳು. ಇನ್ನೊಂದು ಬದಿಗೆ ಕಾಕು ನಿಂತಳು. ನಾವು ಮಕ್ಕಳು ಹಿಂದಿನಿಂದ ನೂಕಿದೆವು. ಗಾಡಿ ಶಾಲೆಯ ದಿಬ್ಬ ಹತ್ತುವಷ್ಟರಲ್ಲಿ ಇಬ್ಬರ ಕುಪ್ಪಸವೂ ಹೆಗಲಲ್ಲಿ ಹರಿದಿತ್ತು.

ತಿರುಗಿ ನೋಡಿದರೆ ಎತ್ತುಗಳು ಬರಿಗೊರಳಲ್ಲಿ ಅಜ್ಜನ ಜೊತೆ ಆರಾಮಾಗಿ ಹಿಂದೆ ಬಂದಿದ್ದವು. ಒಂದು ಎತ್ತು ಚೀಲಕ್ಕೆ ಬಾಯಿ ಹಾಕಿ ಬೀಜದ ಜೋಳ ಮೇಯುತ್ತಿತ್ತು.

“ಹೊಡೀರಿ ಅದನ್ನ!” ಅವ್ವ ಕೂಗಿದಳು.

ಅಜ್ಜ ಅದರ ಬೆನ್ನು ಸವರಿದ. “ತಿನ್ನಲಿ ಬಿಡವಾ. ಸೋಮವಾರ ಐತಿ.”