ಮಾಲೆ ಬಾಡುವ ಮೊದಲು

"ಅಪ್ಪಾರದು ಕಡೀ ಫೋಟೊ ತೆಗೀಬೇಕ್ರಿ, ಲಗೂನ ಬರ್ರಿ" ಎಂದು ಫೋನ್ ಬಂದಾಗ ಬೆಳಗಿನ ಐದು ಗಂಟೆ. ಮದುವೆಯೊಂದರ ಕೆಲಸ ಮುಗಿಸಿ ಆಗಷ್ಟೇ ಮಲಗಿದ್ದೆ. ಸ್ವಂತ ಸ್ಟುಡಿಯೊ ಇಟ್ಟವನಿಗೆ ನಿದ್ದೆ ಎಲ್ಲಿಯದು? ಕ್ಯಾಮೆರಾ ಹೆಗಲಿಗೇರಿಸಿ ಹೊರಟೆ.

ತೀರಿಕೊಂಡ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಮಾಲೆ ಹಾಕಿ, ಸುತ್ತ ಮನೆಯವರೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಅಂಗಳದಲ್ಲಿ ಕುರ್ಚಿ ಸಿದ್ಧವಾಗಿತ್ತು. ಅಳುವವರು ಒಬ್ಬರೂ ಇರಲಿಲ್ಲ. ಸೊಸೆಯಂದಿರಿಬ್ಬರೂ ಹೊಸ ಸೀರೆ ಉಟ್ಟು, ಕುರ್ಚಿಯ ಪಕ್ಕ ಯಾರು ನಿಲ್ಲಬೇಕೆಂದು ಜಗಳವಾಡುತ್ತಿದ್ದರು. ನೋಡಿ ಅಸಹ್ಯವಾಯಿತು.

ಒಂಬತ್ತಾಯಿತು, ಹನ್ನೊಂದೂ ಆಯಿತು. ನಾಲ್ಕನೆಯ ಚಹಾ ಬಂತು.

"ಇನ್ನ ಎಷ್ಟೊತ್ರಿ? ಹನ್ನೆರಡಕ್ಕ ನಂಗ ಒಂದು ತೊಟ್ಟಿಲ ಕಾರ್ಯ ಐತಿ" ಎಂದೆ.

"ಇನ್ನೇನ ಆತ್ರಿ, ಚಾ ಕುಡೀರಿ" ಎಂದ ಹಿರಿಯ ಮಗ, ಮೊಬೈಲಿನಿಂದ ತಲೆ ಎತ್ತದೆ.

"ಯಾರರೆ ಬರೋರು ಅದಾರೇನು?"

"ಇಲ್ರಿ, ಎಲ್ಲಾರೂ ಬಂದೀವಿ."

"ಮತ್ತ ಯಾಕ ತಡ? ಅಪ್ಪಾರನ್ನ ಕರಕೊಂಡ ಬಂದು ಕುಂಡ್ರಸ್ರಿ."

ಅವನು ಒಳಗಿನ ಕೋಣೆಯತ್ತ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ. ಬುಟ್ಟಿಯಲ್ಲಿದ್ದ ಮಾಲೆಗೆ ನೀರು ಚಿಮುಕಿಸುತ್ತಿದ್ದ ಕಿರಿಯ ಮಗ ಗೊಣಗಿದ: "ಮಾಲಿ ಬ್ಯಾರೆ ಬಾಡಾಕತ್ತೈತಿ."

ನನಗೆ ರೇಗಿತು. ಕ್ಯಾಮೆರಾ ಚೀಲಕ್ಕೆ ತುರುಕಿ, "ನಿಮ್ಮ ಕೆಲಸಾನೂ ಬ್ಯಾಡ, ನೀವೂ ಬ್ಯಾಡ" ಎಂದು ಮೆಟ್ಟಿಲು ಇಳಿದೆ.

ಒಳಗಿನ ಕೋಣೆಯಿಂದ ಕ್ಷೀಣವಾದ ದನಿ ಬಂತು:

"ಹೋಗಬ್ಯಾಡೋ ತಮ್ಮಾ. ನನ್ನ ಎತ್ತಿ ಕುಂಡ್ರಸಾಕ ಹೇಳು. ಕಣ್ಣ ಮುಚ್ಚಕೋತೀನಿ, ತಗದಬಿಡು."