ಮೂರನೆಯ ಕೈ

"ಆಚೆಗೊಂದು, ಈಚೆಗೊಂದು ಮತ ಬಿತ್ತು. ಇನ್ನು ನೀವು ಯಾರಿಗೆ ಕೈ ಎತ್ತುತ್ತೀರಿ, ಜಯಪಾಲಣ್ಣ?" ಸಮಿತಿಯ ಅಧ್ಯಕ್ಷರು ರೆಫರಿಯನ್ನು ಕೇಳಿದರು.

ಕಾಲೇಜು ಹುಡುಗಿಯರ ಫುಟ್‌ಬಾಲ್ ಫೈನಲ್ ಸಮಬಲದಲ್ಲಿ ನಿಂತಿತ್ತು. ಬಂದ್ಯೋಡಿನ ಮೈದಾನದಲ್ಲಿ ಕತ್ತಲೆಗೆ ಚೆಂಡೇ ಕಾಣದಾಗಿ, ಚಾಂಪಿಯನ್ ಯಾರೆಂಬುದು ಸಮಿತಿಯ ಇಬ್ಬರು ಮತ್ತು ರೆಫರಿ, ಈ ಮೂವರ ಮತಕ್ಕೆ ಬಂದಿತ್ತು.

ಜಯಪಾಲ ಎರಡೂ ತಂಡಗಳ ನಾಯಕಿಯರತ್ತ ನೋಡಿದ. ರಶ್ಮಿತಾ ಇತ್ತ ತಿರುಗಿಯೂ ನೋಡದೆ, ಬಿಚ್ಚಿದ್ದ ಬೂಟಿನ ಲೇಸನ್ನು ಮತ್ತೆ ಬಿಗಿಯುತ್ತಿದ್ದಳು. ಅದನ್ನು ಕಂಡು ಎದುರು ತಂಡದ ವಿಜೇತಾಳೂ ಬಗ್ಗಿ ತನ್ನ ಲೇಸಿಗೆ ಕೈಹಾಕಿದಳು.

ಎತ್ತಲು ಹೊರಟಿದ್ದ ಕೈಯನ್ನು ಜಯಪಾಲ ಕೊರಳಿನ ವಿಸಿಲ್‌ಗೆ ಒಯ್ದ. "ಮತ ಎಂತದ್ದು ಮಾರಾಯ್ರೆ! ಆಟ ಇನ್ನೂ ಉಂಟು. ಬೈಕುಗಳನ್ನೆಲ್ಲ ಇತ್ತ ತಿರುಗಿಸಿ ಲೈಟ್ ಹಾಕಿ!"

ಅವನು ವಿಸಿಲ್ ಊದುವ ಮೊದಲೇ ಮೈದಾನ ಬೆಳಗಿತ್ತು.